ಮೂವತ್ತಾರು ಬಾಟಲಿ ನೀರು

ನಮ್ಮ ಅಡುಗೆಮನೆಗೆ ಮೊದಲ ಸಲ ಬಂದವರು ಒಂದು ಗಳಿಗೆ ಸುಮ್ಮನೆ ನಿಂತು ಗೋಡೆಯ ಮೇಲಿನ ಹಲಗೆಗಳನ್ನು ನೋಡುತ್ತಾರೆ. ಡಬ್ಬಿ, ಸೀಸೆ, ಭರಣಿ ಎಲ್ಲದರ ಹೊಟ್ಟೆಗೂ ಒಂದೊಂದು ಚೀಟಿ ಅಂಟಿರುತ್ತದೆ. ‘ಹುಣಸೆಹಣ್ಣು’ ಎಂದಷ್ಟೇ ಬರೆದು ಬಿಡುವ ಜಾಯಮಾನ ನನ್ನದಲ್ಲ. ‘ಹುಣಸೆಹಣ್ಣು, ಬೂದಿಕೋಟೆ ಕಡೆಯದು, ಹಿತ್ತಿಲ ಮರ, ಮಂಗಳವಾರ ಬೆಳಗ್ಗೆ, ಕೊಟ್ಟವರು ಮುನೆಮ್ಮ’ ಎಂದು ಪೂರ್ತಿ ಜಾತಕ ಇರಬೇಕು. ನಮ್ಮ ಯಜಮಾನರು ಬಂದವರ ಮುಂದೆಲ್ಲ, ‘ನನಗೂ ಒಂದು ಚೀಟಿ ಅಂಟಿಸಿಬಿಡು ಮಾರಾಯ್ತಿ, ಎಲ್ಲಿಂದ ತಂದದ್ದು ಅಂತ ಮುಂದೆ ನಿನಗೇ ಮರೆತುಹೋದೀತು’ ಎನ್ನುತ್ತಾರೆ. ಎಷ್ಟೋ ವರ್ಷದಿಂದ ಇದೇ ಮಾತು. ನಾನೂ ಅಷ್ಟೇ ವರ್ಷದಿಂದ ಕೇಳಿಸದವಳ ಹಾಗೆ ಇದ್ದೇನೆ.

ಮೊನ್ನೆ ಆ ಹುಣಸೆಹಣ್ಣಿನ ಭರಣಿ ತೊಳೆಯುವಾಗ ಚೀಟಿ ನೆನೆದು ಕೈಗೆ ಬಂತು. ಮುನೆಮ್ಮನ ಹೆಸರು ಹಾಗೇ ಉಳಿದು ಮಿಕ್ಕದ್ದು ಅಳಿಸಿಹೋಗಿತ್ತು. ಕೆಲಸ ಬಿಟ್ಟು ಅಲ್ಲೇ ಮಣೆಯ ಮೇಲೆ ಕೂತೆ. ಚೀಟಿಯ ಚಟ ನನಗೆ ಹತ್ತಿದ್ದು ತಣ್ಣಿ ಆಫೀಸಿನಲ್ಲಿ.

ಅದರ ನಿಜವಾದ ಹೆಸರು ಉದ್ದವಾಗಿತ್ತು: ವಿಶ್ವವಿದ್ಯಾಲಯದ ಅಂತರ್ಜಲ ಸಂಶೋಧನಾ ಕೇಂದ್ರ. ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆ, ತಗಡಿನ ಚಾವಣಿಯ ಹಳೆಯ ಬಂಗಲೆಯೊಂದರಲ್ಲಿ ಇತ್ತು. ಬೀದಿಯವರೆಲ್ಲ ಮನೆಯಲ್ಲಿ ತಮಿಳು ಆಡುವವರು, ತಮಿಳಿನಲ್ಲಿ ನೀರಿಗೆ ತಣ್ಣಿ, ಹಾಗಾಗಿ ನಾವು ತಣ್ಣಿ ಆಫೀಸಿನವರು. ಇದ್ದದ್ದು ಮೂರೇ ಜನ. ನಿರ್ದೇಶಕರು ಪಾಟೀಲ ಸರ್, ಧಾರವಾಡದ ಕಡೆಯವರು. ಪ್ರಯೋಗಾಲಯದ ಸಹಾಯಕಿ ನಾನು. ಬಾಗಿಲು ತೆಗೆಯುವುದರಿಂದ ಹಿಡಿದು ಅನ್ನ ಬಸಿಯುವವರೆಗೆ ಮಿಕ್ಕ ಎಲ್ಲ ಕೆಲಸಕ್ಕೆ ಬೇತಮಂಗಲದ ನಾರಾಯಣಪ್ಪ.

ಪ್ರತಿ ತಿಂಗಳ ಮೊದಲ ವಾರ ನಾವು ಜೀಪಿನಲ್ಲಿ ಬೂದಿಕೋಟೆ ಹೋಬಳಿ ಸುತ್ತುತ್ತಿದ್ದೆವು. ಗೊತ್ತು ಮಾಡಿದ ಬಾವಿಗಳಿಗೆ ಟೇಪು ಇಳಿಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳುವುದು. ಅಷ್ಟೇ ಕೆಲಸ. ಬಾವಿಕಟ್ಟೆಯ ಮೇಲೆ ಬಗ್ಗಿದ ಪಾಟೀಲ ಸರ್ ಅವರನ್ನು ನೋಡಿ ಹಳ್ಳಿಯ ಹೆಂಗಸರು, ಪಾಪ ಯಾರೋ ಉಂಗುರ ಬೀಳಿಸಿಕೊಂಡವರು ಎಂದುಕೊಳ್ಳುತ್ತಿದ್ದರು. ನನಗೂ ಮೊದಮೊದಲು ಇದೇನು ಸಂಶೋಧನೆಯೋ ಅನ್ನಿಸಿತ್ತು. ಸರ್ ಹೇಳಿದ್ದರು: ‘ಬಾವಿ ಅಂದ್ರ ಹಠಮಾರಿ ಮುದುಕಿ ಇದ್ದಂಗ್ರೀ ಸರೋಜಾಬಾಯಿ. ತಪ್ಪದ ಹೋಗಿ ಮಾತಾಡ್ಸಿದ್ರ ಒಂದಿನ ಬಾಯಿ ಬಿಡ್ತಾಳ. ಹನ್ನೆರಡು ವರ್ಷರೆ ಬೇಕು. ನಡುವ ಒಂದು ತಿಂಗಳು ತಪ್ಪಿಸಿದ್ರ ಮುಗೀತು, ಮತ್ತ ಮೊದಲಿಂದ ಸುರು.’

ನೀರಿನ ವಿಷಯದಲ್ಲಿ ನನಗೆ ಇಂಥ ವಿದ್ಯೆ ಹೊಸದು, ಆದರೆ ನೀರಿನ ಚಿಂತೆ ಹುಟ್ಟಿನಿಂದ ಬಂದದ್ದು. ನಾನು ಬಂಗಾರಪೇಟೆಯವಳು. ನಮ್ಮ ಬೀದಿಯ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಬೆಳಗ್ಗೆ ಒಲೆಗೆ ಏರಿಸಿದರೆ ಅಮ್ಮ ಸ್ನಾನ, ಪೂಜೆ, ಪಕ್ಕದ ಮನೆಯವರ ಸುದ್ದಿ ಎಲ್ಲ ಮುಗಿಸಿ ಬಂದರೂ ಕಾಳು ಕಾಳಾಗಿ ಕುಣಿಯುತ್ತಿರುತ್ತಿತ್ತು. ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ಮಾರಿಕುಪ್ಪಮ್ಮಿನ ಗಾಡಿಯಲ್ಲಿ ಬರುವ ಗಾರ್ಡಿನ ಕೈಯಲ್ಲಿ ವಾರಕ್ಕೆರಡು ಸಲ ಒಂದು ತಗಡಿನ ಕ್ಯಾನು ಕೆ.ಜಿ.ಎಫ್. ನೀರು ತರಿಸುತ್ತಿದ್ದರು. ಬೇತಮಂಗಲದ ಕೆರೆಯಿಂದ ಗಣಿಯ ಕಾಲೊನಿಗೆ ಬರುವ ನೀರು ಅದು. ಅದರಲ್ಲಿ ಬೇಳೆ ಎರಡೇ ಕುದಿಗೆ ಬೆಣ್ಣೆ. ಆ ಕ್ಯಾನು ಅಡುಗೆಮನೆಯ ಮೂಲೆಯಲ್ಲಿ, ಮೇಲೊಂದು ಬಟ್ಟೆ ಹೊದ್ದು, ಬಾಣಂತಿಯಂತೆ ಇರುತ್ತಿತ್ತು. ಮಕ್ಕಳು ಬಾಯಾರಿ ಅದಕ್ಕೆ ಕೈ ಹಾಕಿದರೆ, ‘ಅದು ಬೇಳೆಗೆ ಕಣೇ, ನಿನಗಲ್ಲ’ ಎಂದು ಅಮ್ಮ ಗದರುತ್ತಿದ್ದಳು. ಬೇಳೆಗಿದ್ದ ಮರ್ಯಾದೆ ನಮಗಿರಲಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೋ ಹೋದೆ. ಐದು ವರ್ಷ ಹೀಗೆ ಬಾವಿ ಅಳೆದ ಮೇಲೆ, ಒಂದು ಬೇಸಿಗೆಯ ಆರಂಭದಲ್ಲಿ ಕಾಗದ ಬಂತು. ಸರ್ಕಾರದ ಅನುದಾನದ ಅವಧಿ ಮುಗಿದಿದೆ. ಮಾರ್ಚಿ ಕೊನೆಯೊಳಗೆ ಕೇಂದ್ರವು ಮುಂದಿನ ವರ್ಷದ ಸಂಪನ್ಮೂಲವನ್ನು ತಾನೇ ಹುಡುಕಿಕೊಂಡು ತಿಳಿಸತಕ್ಕದ್ದು, ತಪ್ಪಿದಲ್ಲಿ ಬಂಗಲೆಗೆ ಬೀಗ ಹಾಕಿ ಉಪಕರಣಗಳನ್ನು ಹಿಂದಿರುಗಿಸತಕ್ಕದ್ದು. ಕಾಗದದ ಹಿಂದೆಯೇ ಡ್ರೈವರೊಬ್ಬ ಬಂದು ಜೀಪು ತೆಗೆದುಕೊಂಡು ಹೋದ. ಸರ್ ಸಂಬಳ ವಿಶ್ವವಿದ್ಯಾಲಯದ್ದು, ಅದಕ್ಕೆ ಭಯವಿಲ್ಲ. ನನ್ನದು, ನಾರಾಯಣಪ್ಪನದು, ರಾಸಾಯನಿಕ, ಓಡಾಟ ಎಲ್ಲ ಅನುದಾನದ ಮೇಲೆ ನಿಂತದ್ದು. ಆದರೂ ಮೂವರಲ್ಲಿ ಊಟ ಬಿಟ್ಟವರು ಸರ್ ಒಬ್ಬರೇ. ಬಾವಿಗಳ ಪುಸ್ತಕ ತೆರೆದು, ಏಪ್ರಿಲ್ ಎಂದು ಬರೆದಿದ್ದ ಖಾಲಿ ಸಾಲನ್ನು ನೋಡುತ್ತ ಕೂರುತ್ತಿದ್ದರು.

ಕೈ ಚಾಚುವುದು ನಮಗೆ ಯಾರಿಗೂ ಬಾರದ ವಿದ್ಯೆ. ಸರ್ ದೊಡ್ಡ ದೊಡ್ಡ ಕಡೆಗೆಲ್ಲ ಇಂಗ್ಲಿಷಿನಲ್ಲಿ ಕಾಗದ ಬರೆದರು. ಒಂದು ಕಾರ್ಖಾನೆಯ ಸಾಹೇಬರು ಕರೆಸಿ, ಟೀ ಕುಡಿಸಿ, ನಿಮ್ಮದು ಪವಿತ್ರವಾದ ಕೆಲಸ ಎಂದು ಹೊಗಳಿ, ಒಂದು ಡೈರಿ ಕೊಟ್ಟು ಕಳಿಸಿದರು. ಅದು ಹೋದ ವರ್ಷದ ಡೈರಿ. ಕೊನೆಗೆ ನಾನೇ ಹೇಳಿದೆ, ‘ಸರ್, ಬಾವಿಯ ಆಳ ಯಾರಿಗೆ ಬೇಕು. ನೀರು ಕುಡಿಯಬಹುದೋ ಬೇಡವೋ ಅಂತ ಪರೀಕ್ಷೆ ಮಾಡಿಕೊಡೋಣ, ಅದಕ್ಕಾದರೆ ಊರಿನವರು ಏನಾದರೂ ಕೊಟ್ಟಾರು.’ ಹೋಬಳಿಯ ಹಾಲು ಸಂಘಗಳಿಗೆಲ್ಲ ಕನ್ನಡದಲ್ಲಿ ಕಾರ್ಡು ಹಾಕಿದೆವು. ಒಂದೇ ಒಂದು ಸಂಘದ ಅಧ್ಯಕ್ಷರು ಬಂದರು.

ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಗೆ ಹೆಣ್ಣು ಕೊಡುವವರು, ತರುವವರು ಇನ್ನೂ ಇದ್ದಾರೆ. ಬೂದಿಕೋಟೆಯ ಆಚೆ ಎಂದಿಟ್ಟುಕೊಳ್ಳಿ. ನಾವು ಮಟ್ಟ ಅಳೆಯುತ್ತಿದ್ದ ಊರುಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಕುರ್ಚಿಯ ಧೂಳು ಝಾಡಿಸಿ ಕೂತು, ‘ನಮ್ಮೂರ ನೀರು ನೋಡಿ ಒಂದು ಸರ್ಟಿಪಿಕೇಟು ಕೊಡಿ ಸಾರ್. ಸಂಘದ ಮೀಟಿಂಗಲ್ಲಿ ಮಾತಾಡಿ ನಿಮ್ಮ ಆಪೀಸ್ಗೆ ಒಂದು ದಾರಿ ಮಾಡ್ತೀನಿ. ಸುತ್ತಲ ಸಂಘದೋರೂ ನನ್ನ ಮಾತು ಮೀರಲ್ಲ’ ಎಂದರು. ಸರ್ ಮುಖದಲ್ಲಿ ಎಷ್ಟೋ ದಿನದ ಮೇಲೆ ರಕ್ತ ಆಡಿತು.

ಜೀಪಿದ್ದಿದ್ದರೆ ನಾವೇ ಹೋಗಿ ನೀರು ಸೇದಿ ತರುತ್ತಿದ್ದೆವು. ಜೀಪಿಲ್ಲ. ಬೂದಿಕೋಟೆ ಬಸ್ಸಿನಲ್ಲಿ ಮೂವತ್ತಾರು ಖಾಲಿ ಬಾಟಲಿ ಕಳಿಸಿದೆ. ಒಂದೊಂದು ಮನೆಯವರು ತಮ್ಮ ತಮ್ಮ ಬಾವಿಯ ನೀರು ತುಂಬಿ ಸಂಘದಲ್ಲಿಡಬೇಕು ಎಂದು ಅಧ್ಯಕ್ಷರಿಗೆ ಹೇಳಿದೆ. ಮೂರನೆಯ ದಿನ ಬಾಟಲಿಗಳು ತುಂಬಿಕೊಂಡು ಬಂದವು. ಎಲ್ಲವೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಂತೆ ಥಳಥಳ. ಒಂದರ ಕುತ್ತಿಗೆಗೆ ಅರಿಶಿನದ ದಾರ ಕೂಡ ಕಟ್ಟಿತ್ತು. ಜೊತೆಗೆ ಬಂದ ಪಟ್ಟಿ ನೋಡಿ ನಾನು ಹೆಮ್ಮೆಯಿಂದ ಚೀಟಿ ಅಂಟಿಸಿದೆ: ಬಾವಿ, ಮನೆ, ದಿನ, ಹೊತ್ತು.

ಫಲಿತಾಂಶ ನೋಡಿ ಸರ್ ದಂಗಾದರು. ಮೂವತ್ತಾರು ಬಾವಿಯ ನೀರೂ ಎಳನೀರಿನಂಥದು. ಮಕ್ಕಳ ಹಲ್ಲಿಗೆ ಕಂದು ಕಲೆ ಹತ್ತಿಸುವ ಫ್ಲೋರೈಡಿನ ಸುಳಿವಿಲ್ಲ. ನಂಬಿಕೆ ಬಾರದೆ ಎರಡನೆಯ ಸಲ ಮಾಡಿಸಿದರು, ಔಷಧಿ ಬದಲಾಯಿಸಿ ಮೂರನೆಯ ಸಲ ಮಾಡಿಸಿದರು. ಅದೇ. ಆಮೇಲೆ ಅವರಿಗೆ ಹುರುಪು ಬಂದುಬಿಟ್ಟಿತು. ಆ ಊರಿನ ಕೆಳಗೆ ಬೇರೆಲ್ಲೂ ಇಲ್ಲದ ಬಂಡೆಯ ಪದರವೊಂದು ಇರಲೇಬೇಕು ಎಂದು ದೊಡ್ಡ ಪ್ರಬಂಧ ಬರೆಯತೊಡಗಿದರು. ಅಧ್ಯಕ್ಷರು ತಾವೇ ಬಂದು ವರದಿಯನ್ನು ಒಯ್ದರು. ಅದಕ್ಕೆ ಕಟ್ಟು ಹಾಕಿಸಿ ಸಂಘದ ಗೋಡೆಗೆ ತೂಗುಹಾಕಿದ್ದಾರೆಂದೂ, ಬರುವ ಶುಕ್ರವಾರ ಮೀಟಿಂಗಿನಲ್ಲಿ ನಮ್ಮ ವಿಷಯ ತೀರ್ಮಾನವಾಗುತ್ತದೆಂದೂ ಸುದ್ದಿ ಬಂತು.

ಬುಧವಾರ ನಮ್ಮ ನಲ್ಲಿಯಲ್ಲಿ ನೀರು ಬರಲಿಲ್ಲ. ನಾರಾಯಣಪ್ಪ ಮಧ್ಯಾಹ್ನದ ಅಡುಗೆಗೆ ಬಾಟಲಿಗಳಲ್ಲಿ ಉಳಿದಿದ್ದ ನೀರನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಬೇಳೆ ಇಟ್ಟ. ಹತ್ತು ನಿಮಿಷ ಆಗಿರಲಿಲ್ಲ. ‘ಅಕ್ಕಾ, ಬೇಳೆ ಬೆಂದೋಯ್ತು, ಬನ್ನಿ. ಇದು ನಮ್ ಬೇತಮಂಗಲದ ನೀರ್ಗಿಂತ ಒಂದ್ಕೈ ಮೇಲೇ’ ಎಂದು ಕೂಗಿದ.

ಸೌಟಿನಲ್ಲಿ ಎತ್ತಿ ನೋಡಿದೆ. ಬೆಣ್ಣೆ. ನಾನು ಬಂಗಾರಪೇಟೆ ತಾಲೂಕಿನ ಮಗಳು. ಆ ದಿಕ್ಕಿನ ಹಳ್ಳಿಗಳಲ್ಲಿ ಅತ್ತೆ, ಚಿಕ್ಕಮ್ಮ ಎಂದು ಉಂಡು ಬಂದವಳು. ಹತ್ತು ನಿಮಿಷದಲ್ಲಿ ಬೇಳೆ ಬೇಯಿಸುವ ಬಾವಿ ಒಂದು ಊರಿಗೆ ಒಂದು ಇದ್ದರೆ ಹೆಚ್ಚು. ಮೂವತ್ತಾರು ಇರುವುದಕ್ಕೆ ಸಾಧ್ಯವೇ ಇಲ್ಲ. ಮೂರು ಸಲ ಪರೀಕ್ಷೆ ಮಾಡಿದಾಗ ಹೊಳೆಯದ್ದು ಒಂದು ಸೌಟು ಬೇಳೆಯಲ್ಲಿ ಹೊಳೆಯಿತು. ಎಲ್ಲರೂ ಒಂದೇ ಬಾವಿಗೆ ಹೋಗಿ ತುಂಬಿಕೊಂಡು ಬಂದಿದ್ದಾರೆ.

ಸುಳ್ಳೇಕೆ ಹೇಳಲಿ, ಆ ಮಧ್ಯಾಹ್ನವೆಲ್ಲ ನಾನು ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಶುಕ್ರವಾರ ಕೇಂದ್ರ ಉಳಿಯುತ್ತದೆ. ಏಪ್ರಿಲ್ ಸಾಲು ತುಂಬುತ್ತದೆ, ನನ್ನ ಸಂಬಳ ಬರುತ್ತದೆ. ಬಾಯಿ ಬಿಟ್ಟರೆ ಎಲ್ಲಕ್ಕೂ ಬೀಗ. ಚೀಟಿಗಳ ಮೇಲೆ ನನ್ನದೇ ಅಕ್ಷರ: ಇಂಥ ಬಾವಿ, ಇಂಥ ಮನೆ. ಒಂದೂ ನಿಜವಲ್ಲ. ಸಂಜೆ ಮನೆಗೆ ಹೊರಡುವ ಮುಂಚೆ ತಡೆಯಲಾಗದೆ ಸರ್ ಮುಂದೆ ನಿಂತು ಹೇಳಿಬಿಟ್ಟೆ.

ಅವರು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಪ್ರಬಂಧದ ಹಾಳೆಗಳನ್ನು ನಾಲ್ಕಾಗಿ ಮಡಚಿ, ಬಹಳ ದಿನದಿಂದ ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ‘ಇಷ್ಟರೆ ಉಪಯೋಗ ಆತು’ ಎಂದರು. ಆಮೇಲೆ, ‘ನಾಳೆ ಮೊದಲನೇ ಬಸ್ಸಿಗೆ ಹೋಗೂಣ್ರಿ’ ಎಂದರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾವು ಹೋದಾಗ ಹಾಲು ಹಾಕುವ ಹೊತ್ತು. ಸಂಘದ ಮುಂದೆ ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಹಾಲಿನಿಂದಲೂ ಒಂದು ಸಣ್ಣ ಅಳತೆ ಪರೀಕ್ಷೆಗೆಂದು ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಸ್ಯಾಂಪಲ್ ಹಾಲು ಎನ್ನುತ್ತಾರೆ. ಪರೀಕ್ಷೆಗೆ ಬೇಕಾದದ್ದು ತೊಟ್ಟು. ಉಳಿದದ್ದೆಲ್ಲ ಒಟ್ಟಾಗಿ ಊರಿನ ಹೋಟೆಲಿಗೆ ಮಾರಾಟವಾಗಿ ಸಂಘದ ಖರ್ಚಿಗೆ ಸೇರುತ್ತದೆ. ಗೋಡೆಯ ಮೇಲೆ ನಮ್ಮ ವರದಿ, ಗಾಜಿನ ಕಟ್ಟಿನೊಳಗೆ, ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿತ್ತು.

ಸರ್ ಅವರ ಧಾರವಾಡದ ಕನ್ನಡ ಈ ಹೆಂಗಸರಿಗೆ ಅರ್ಧ, ಇವರದು ಸರ್‌ಗೆ ಅರ್ಧ. ಮಾತು ನನ್ನ ಪಾಲಿಗೆ ಬಂತು. ‘ನೀವು ಮೋಸ ಮಾಡಿದಿರಿ’ ಎಂದು ಯಾವ ಬಾಯಲ್ಲಿ ಹೇಳುವುದು? ನನಗೆ ತೋಚಿದ್ದು ನನ್ನ ಹೆಣ್ಣು ನೋಡುವ ಶಾಸ್ತ್ರದ ಕಥೆ. ಗಂಡಿನವರು ಕೆ.ಜಿ.ಎಫ್.ನವರು. ನಮ್ಮ ಬಾವಿಯ ನೀರಿನ ಕಾಫಿ ಕುಡಿದರೆ ಎದ್ದು ಹೋದಾರು ಎಂದು ಅಮ್ಮ ಎರಡು ಕ್ಯಾನು ಕೆ.ಜಿ.ಎಫ್. ನೀರು ತರಿಸಿ ಕಾಫಿ ಮಾಡಿದಳು. ನಮ್ಮ ಅತ್ತೆ ಕುಡಿದು, ‘ಪರವಾಗಿಲ್ಲ ಕಣ್ರೀ, ನಿಮ್ಮೂರ ನೀರೂ ನಮ್ಮೂರ ನೀರಿನ ಹಾಗೇ ಇದೆ’ ಎಂದು ಮೆಚ್ಚಿ ಸಂಬಂಧ ಒಪ್ಪಿದರು. ಅದು ಅವರ ನಲ್ಲಿಯ ನೀರೇ. ಮದುವೆಗೆ ಬಂದು ಮೂರು ದಿನ ನಮ್ಮ ಬಾವಿ ನೀರು ಕುಡಿದ ಮೇಲೆ ಅತ್ತೆಗೆ ಎಲ್ಲ ತಿಳಿಯಿತು. ಅಷ್ಟು ಹೊತ್ತಿಗೆ ತಾಳಿ ಬಿದ್ದಾಗಿತ್ತು.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾಲಿನಲ್ಲಿದ್ದ ವಯಸ್ಸಾದ ಮುನೆಮ್ಮ ಮಾತ್ರ ನಗದೆ ನನ್ನನ್ನೇ ನೋಡಿದಳು. ‘ಗೊತ್ತಾಯ್ತು ಬುಡು ಮೇಡಮ್ಮ. ನಾವು ತುಂಬಿದ್ದೆಲ್ಲ ಏರಿ ಕೆಳಗಿನ ಸೀನೀರ ಬಾವೀದೇ. ಮನೆ ಬಾಗ್ಲಿಗೆ ಬಸ್ ಕಂಡಕ್ಟ್ರು ಬಂದು ನೀರು ಕೇಳಿದ್ರೂ ಅದನ್ನೇ ಕೊಡದು ನಾವು. ಇನ್ನ ಆಪೀಸರ ತಾವಕ್ಕೆ ಓಗೋ ನೀರು, ನಮ್ಮನೆ ಉಪ್ಪುನೀರು ಕಳ್ಸಾಕಾಯ್ತದಾ? ಏನಂದ್ಕತಾರೆ?’

‘ಮನೆಯಲ್ಲಿ ದಿನಾ ಕುಡಿಯೋದು ಯಾವುದಮ್ಮಾ?’ ಎಂದೆ.

‘ನಮ್ಗೆ ನಮ್ಮ ಬಾವೀದೇ ಸಾಕಲ್ಲ. ಅಷ್ಟು ದೂರದಿಂದ ಒಂದು ಬಿಂದ್ಗೆ ತಂದು ಮಡಗ್ತೀವಿ. ಅದು ನೆಂಟರಿಗೆ.’

ಅವಳ ಸೀರೆಯ ಹಿಂದೆ ಮೊಮ್ಮಗಳು ನಿಂತಿದ್ದಳು. ಎಂಟು ವರ್ಷವಿರಬೇಕು. ನಾನು ಕಥೆ ಹೇಳುವಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ, ಆದರೆ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು. ಕೈ ಜಾರಿದಾಗ ಹಲ್ಲು ಕಂಡೆ. ಕಾಫಿ ಕಲೆಯ ಬಣ್ಣ. ಸರ್ ಕೂಡ ನೋಡಿದರು. ಅಲ್ಲಿಯವರೆಗೆ ಅವರ ಮನಸ್ಸಿನಲ್ಲಿ ಏಪ್ರಿಲ್ ಸಾಲು ಎಷ್ಟಿತ್ತೋ ಗೊತ್ತಿಲ್ಲ, ಆಮೇಲೆ ಅದರ ಮಾತೇ ಎತ್ತಲಿಲ್ಲ.

ಅವತ್ತೇ ಮನೆಮನೆಗೆ ಹೋಗಿ ನೆಂಟರಿಗೆ ಕೊಡದ ನೀರನ್ನು ನಾವೇ ಸೇದಿ ಬಾಟಲಿಗೆ ತುಂಬಿ, ಹಾಲಿನ ಕ್ರೇಟಿನಲ್ಲಿ ಜೋಡಿಸಿಕೊಂಡು ಬಸ್ಸಿನಲ್ಲಿ ತಂದೆವು. ಆ ರಾತ್ರಿ ಕಳೆದು ಮಾರನೆಯ ಮಧ್ಯಾಹ್ನದವರೆಗೂ ಸರ್ ಪರೀಕ್ಷೆಯ ಮೇಜು ಬಿಟ್ಟು ಏಳಲಿಲ್ಲ. ಅರ್ಧಕ್ಕಿಂತ ಹೆಚ್ಚು ಬಾವಿಗಳ ನೀರು ಮಕ್ಕಳಿಗೆ ಕುಡಿಸತಕ್ಕದ್ದಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮುನೆಮ್ಮನ ಬಾವಿ.

ಶುಕ್ರವಾರ ಸಂಜೆಯ ಮೀಟಿಂಗಿನಲ್ಲಿ ಸರ್ ನಿಂತು ಪಟ್ಟಿ ಓದಿದರು, ನಾನು ಒಂದೊಂದಕ್ಕೂ ಅರ್ಥ ಹೇಳಿದೆ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಗೋಡೆಯ ಕಟ್ಟನ್ನು ತೆಗೆದು ಬೋರಲು ಹಾಕಿದರು. ‘ಊರ ಮಾನ ತೆಗುದ್ರಿ ಸಾರ್. ನಾಳೆ ನಮ್ಮೂರ್ಗೆ ಎಣ್ಣು ಯಾರು ಕೊಟ್ಟಾರು? ಸಂಘದಿಂದ ನಿಮ್ಗೆ ಬಿಡಿಗಾಸೂ ಇಲ್ಲ, ಓಗ್ಬನ್ನಿ.’ ಸರ್ ತಲೆಯಾಡಿಸಿ ಚೀಲ ಎತ್ತಿಕೊಂಡರು. ಐದು ವರ್ಷದ ಬಾವಿಗಳೆಲ್ಲ ಕಣ್ಣ ಮುಂದೆ ಬಂದವು.

ಬಾಗಿಲ ಬಳಿ ಕೂತಿದ್ದ ಮುನೆಮ್ಮ ಎದ್ದಳು. ‘ಅಲ್ಲ ಕಣಪ್ಪ, ದಿನಾ ಸೊಲ್ಪ ಸೊಲ್ಪ ಸ್ಯಾಂಪಲ್ ಆಲು ನಮ್ಮ ತಾವ ಇಸ್ಕತೀಯ. ಆಲು ಚೆನ್ನಾಗೈತಾ ಅಂತ ನೋಡಾಕೆ. ಅದ್ನ ಮಾರಿದ ಕಾಸು ಎಲ್ಲೋಯ್ತದೆ?’

‘ಸಂಘದ ಕರ್ಚಿಗೆ ಕಣಮ್ಮ’ ಎಂದರು ಅಧ್ಯಕ್ಷರು.

‘ಅದೇ, ಮೀಟಿಂಗ್ ದಿನ ನೀವು ಬೋಂಡ ತಿನ್ನಾಕೆ. ಅದ್ನ ಈಯಪ್ಪನ ಆಪೀಸ್ಗೆ ಕೊಡು. ಆಲು ನೋಡಾಕೆ ಸ್ಯಾಂಪಲ್ ಬೇಕು, ಮಕ್ಳು ಕುಡಿಯೋ ನೀರು ನೋಡಾಕೆ ಬ್ಯಾಡ್ವ? ಕೊಡಲ್ಲ ಅಂದ್ರೆ ನಾಳೆಯಿಂದ ನಾನು ಸ್ಯಾಂಪಲ್ ಆಲು ಬುಡಲ್ಲ. ಯಾರ್ ಬುಡ್ತಾರೋ ಬುಡ್ಲಿ.’

ಹೆಂಗಸರ ಕಡೆಯಿಂದ ಒಂದು ಗುಜುಗುಜು ಎದ್ದಿತು. ಆಮೇಲೆ ಒಂದು ಕೈ, ಎರಡು ಕೈ, ಬಳೆ ಸದ್ದಿನೊಂದಿಗೆ ಸಾಲು ಸಾಲು ಕೈ. ಅಧ್ಯಕ್ಷರು ಸಮಿತಿಯವರ ಮುಖ ನೋಡಿದರು. ಸಮಿತಿಯವರು ಮುಂದಿದ್ದ ಬೋಂಡದ ತಟ್ಟೆಯನ್ನು ನೋಡಿದರು. ಅಲ್ಲಿಗೆ ಠರಾವು ಪಾಸಾಯಿತು.

ಸುದ್ದಿ ಹಾಲಿನ ವ್ಯಾನಿನ ಜೊತೆ ಊರೂರಿಗೆ ಹೋಯಿತು. ಅದಕ್ಕಿಂತ ವೇಗದ ಅಂಚೆ ಆ ಸೀಮೆಯಲ್ಲಿಲ್ಲ. ಮಾರ್ಚಿ ಮುಗಿಯುವ ಮೊದಲು ಏಳು ಸಂಘದವರು ಸ್ಯಾಂಪಲ್ ಹಾಲು ಬರೆದುಕೊಟ್ಟರು. ‘ಸಂಪನ್ಮೂಲ: ಸ್ಯಾಂಪಲ್ ಹಾಲು’ ಎಂದು ಸರ್ ಬರೆದ ಕಾಗದ ಓದಿ ವಿಶ್ವವಿದ್ಯಾಲಯದವರು ಏನೆಂದುಕೊಂಡರೋ, ಬೀಗವನ್ನಂತೂ ಕಳಿಸಲಿಲ್ಲ. ನಾಲ್ಕು ವರ್ಷ ಕೇಂದ್ರ ಹಾಲಿನ ಮೇಲೆ ನಡೆಯಿತು. ಆಮೇಲೆ ಒಂದು ವಿಭಾಗದವರು ಅದನ್ನು ತಮ್ಮೊಳಗೆ ಸೇರಿಸಿಕೊಂಡರು. ಸರ್ ಹೇಳುತ್ತಿದ್ದ ಹನ್ನೆರಡು ವರ್ಷ ತುಂಬಿತು, ಒಂದು ತಿಂಗಳೂ ತಪ್ಪಲಿಲ್ಲ. ಬಾವಿಗಳು ಬಾಯಿ ಬಿಟ್ಟು ಏನು ಹೇಳಿದವು ಎನ್ನುವುದು ಅವರ ಪುಸ್ತಕದಲ್ಲಿದೆ. ಅದು ನನಗೆ ಪೂರ್ತಿ ಅರ್ಥವಾಗಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ನನಗೆ ಅರ್ಥವಾದದ್ದು ಆ ಏಪ್ರಿಲ್ಲಿನ ಮೊದಲ ವಾರದ ಒಂದು ಮಧ್ಯಾಹ್ನ. ಟೇಪು ಚೀಲಕ್ಕೆ ಹಾಕಿಕೊಂಡು, ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಾವಿಗಳ ಲೆಕ್ಕ ಮುಗಿಸಿ, ಮುನೆಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದೆವು. ಮೊಮ್ಮಗಳು ಒಳಗಿಂದ ಇಣುಕಿ, ಬಾಯಿಗೆ ಕೈಯಿಟ್ಟುಕೊಂಡು ನಕ್ಕು ಓಡಿಹೋದಳು. ಮುನೆಮ್ಮ ಎರಡು ಚೊಂಬು ನೀರು ತಂದು ನಮ್ಮ ಮುಂದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು.

‘ಬೇಜಾರ್ ಮಾಡ್ಕಬ್ಯಾಡಿ ಸಾರ್. ಇದು ನಮ್ಮ ಬಾವೀದೇ. ಸೀನೀರು ಒಂದೇ ಬಿಂದ್ಗೆ ಬರದು. ಅದು ಇನ್ನ ಮಗೀಗೆ ಮಡಗಿದೀನಿ. ಬಂದೋರ್ಗೆ ಉಪ್ಪುನೀರೇ.’

ಆ ಬಾವಿಯ ಲೆಕ್ಕ ಸರ್‌ಗೆ ಬಾಯಿಪಾಠವಾಗಿತ್ತು. ಪಟ್ಟಿಯಲ್ಲಿ ಕೊನೆಯದು. ಅವರು ಚೊಂಬು ಎತ್ತಿ, ತುಟಿಗೆ ತಾಗಿಸದೆ, ಗಟಗಟನೆ ಪೂರ್ತಿ ಕುಡಿದರು. ಮೀಸೆ ಒರೆಸಿಕೊಂಡು ಖಾಲಿ ಚೊಂಬನ್ನು ಅವಳ ಕಡೆ ಚಾಚಿದರು.

‘ಇನ್ನೊಂದೀಟು ಕೊಡವ್ವಾ’ ಎಂದರು.